ಬಿಡಿಸಿಟ್ಟ ಯಂತ್ರ

ಹೊಸ ಮಿಕ್ಸಿಯನ್ನೋ ಫ್ಯಾನನ್ನೋ ಮನೆಗೆ ತಂದಾಗ ರಟ್ಟಿನ ಪೆಟ್ಟಿಗೆಯ ತಳದಲ್ಲಿ, ಥರ್ಮಾಕೋಲಿನ ತುಂಡುಗಳ ಅಡಿಯಲ್ಲಿ ಒಂದು ತೆಳ್ಳನೆಯ ಪುಸ್ತಿಕೆ ಮಲಗಿರುತ್ತದಲ್ಲ, ಅದನ್ನು ನೀವು ಎಂದಾದರೂ ಪೂರ್ತಿ ತೆರೆದು ನೋಡಿದ್ದೀರಾ? ಹೆಚ್ಚಿನವರು ನೋಡುವುದಿಲ್ಲ. ಗ್ಯಾರಂಟಿ ಚೀಟಿಯನ್ನು ಹರಿದು ಜೋಪಾನ ಮಾಡಿ, ಉಳಿದದ್ದನ್ನು ಅಟ್ಟಕ್ಕೆ ಎಸೆಯುತ್ತಾರೆ. ತೆರೆದು ನೋಡಿದವರಿಗೆ ಮಾತ್ರ ಅದರ ನಡುಪುಟದಲ್ಲೊಂದು ವಿಚಿತ್ರ ದೃಶ್ಯ ಕಾಣುತ್ತದೆ. ಯಂತ್ರದ ಮುಚ್ಚಳ ಮೇಲೆಲ್ಲೋ ತೇಲುತ್ತಿರುತ್ತದೆ. ಅದರ ಕೆಳಗೆ ಸ್ಕ್ರೂಗಳು ಗಾಳಿಯಲ್ಲಿ ನೆಟ್ಟಗೆ ನಿಂತಿರುತ್ತವೆ, ಅವುಗಳ ಕೆಳಗೆ ವಾಷರುಗಳು, ಬ್ಲೇಡು, ಬುಶ್ಶು, ಮೋಟಾರು, ಎಲ್ಲವೂ ಒಂದರ ಕೆಳಗೊಂದು, ಯಾರೋ ಉಸಿರು ಹಿಡಿದು ನಿಲ್ಲಿಸಿದಂತೆ. ಪ್ರತಿಯೊಂದರ ಪಕ್ಕದಲ್ಲೂ ಒಂದು ಸಣ್ಣ ವೃತ್ತ, ವೃತ್ತದೊಳಗೊಂದು ಅಂಕಿ. ಆ ಚಿತ್ರವನ್ನು ಬಿಡಿಸುವುದೇ ನನ್ನ ಕಸುಬು.

ಕನ್ನಡದ ಈ 'ಬಿಡಿಸು' ಎಂಬ ಮಾತಿನ ಔದಾರ್ಯವನ್ನು ನೋಡಿ. ಚಿತ್ರವನ್ನೂ ಬಿಡಿಸುತ್ತೇವೆ, ಹಲಸನ್ನೂ ಬಿಡಿಸುತ್ತೇವೆ. ಒಗಟು, ಜಡೆ, ದಾರದ ಗಂಟು ಎಲ್ಲವೂ ಬಿಡಿಸಿಕೊಳ್ಳಲು ಕಾದಿರುತ್ತವೆ. ಬೀದಿಯಲ್ಲಿ ಜುಟ್ಟು ಹಿಡಿದುಕೊಂಡವರನ್ನು ಬಿಡಿಸುತ್ತೇವೆ, ಸೆರೆಯಲ್ಲಿದ್ದವರನ್ನೂ ಬಿಡಿಸಿ ತರುತ್ತೇವೆ. ನಾನು ಮಾಡುವ ಚಿತ್ರಕ್ಕೆ ಇಂಗ್ಲಿಷಿನವರು 'ಎಕ್ಸ್‌ಪ್ಲೋಡೆಡ್ ವ್ಯೂ' ಎಂದು ಹೆಸರಿಟ್ಟಿದ್ದಾರೆ, ಎಲ್ಲೋ ಗರ್ನಾಲು ಸಿಡಿದ ಹಾಗೆ. ನನಗೆ ಆ ಹೆಸರು ಎಂದೂ ಒಗ್ಗಲಿಲ್ಲ. ಸಿಡಿದದ್ದರ ಚೂರುಗಳಿಗೆ ತಮ್ಮ ಮನೆ ಯಾವುದೆಂದು ಗೊತ್ತಿರುವುದಿಲ್ಲ. ನನ್ನ ಚಿತ್ರದ ತುಂಡುಗಳಿಗೆ ಗೊತ್ತಿರುತ್ತದೆ. ಬಿಡಿಸಿಟ್ಟ ನೋಟ ಎಂದು ನನ್ನಷ್ಟಕ್ಕೆ ನಾನು ಕರೆದುಕೊಂಡಿದ್ದೇನೆ. ಬಿಡಿಸಿದ್ದನ್ನು ಬಿಡಿಸುವುದು, ಅಷ್ಟೆ.

ಕೆಲಸ ನಡೆಯುವುದು ಹೀಗೆ. ಯಂತ್ರದ ಭಾಗಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೊಂದಾಗಿ ಕಟ್ಟಿ, ಒಂದಕ್ಕೊಂದು ಕೂರಿಸಿ, ಪೂರ್ತಿ ಯಂತ್ರವಾಗಿಸುತ್ತೇವೆ. ಆಮೇಲೆ ಯಾವುದಾದರೂ ಭಾಗವನ್ನು ಮೌಸಿನಿಂದ ಮುಟ್ಟಿದರೆ ಅದರ ಮೈಯಿಂದ ಮೂರು ದಿಕ್ಕಿಗೆ ಮೂರು ಬಾಣ ಮೂಡುತ್ತವೆ. ಬೇಕಾದ ಬಾಣವನ್ನು ಹಿಡಿದೆಳೆದರೆ ಭಾಗ ಆ ದಿಕ್ಕಿಗೆ ಮೆಲ್ಲನೆ ಜಾರಿ ಹೊರಬರುತ್ತದೆ. ಹೊಸದಾಗಿ ಕಲಿಯುವವರು ಎಲ್ಲವನ್ನೂ ಎಲ್ಲ ಕಡೆಗೂ ಎಳೆದು ಪರದೆಯನ್ನು ಗುಜರಿ ಅಂಗಡಿ ಮಾಡುತ್ತಾರೆ. ಪಳಗಿದ ಕೈ ಹಾಗೆ ಮಾಡುವುದಿಲ್ಲ. ಯಾವ ಭಾಗ ಯಾವ ದಾರಿಯಲ್ಲಿ ಒಳಹೋಯಿತೋ ಅದೇ ದಾರಿಯಲ್ಲಿ ಹೊರಬರಬೇಕು. ಕೊನೆಗೆ ಸೇರಿದ್ದು ಮೊದಲು ಬರಬೇಕು. ತೀರ ಹತ್ತಿರ ನಿಂತರೆ ಒಂದನ್ನೊಂದು ಮರೆಮಾಡುತ್ತವೆ, ತೀರ ದೂರ ಹೋದರೆ ನೆಂಟಸ್ತಿಕೆ ಕಡಿದುಹೋಗುತ್ತದೆ. ಹೊರಬಂದ ಭಾಗದಿಂದ ಅದರ ಮೂಲ ಜಾಗಕ್ಕೆ ಒಂದು ತುಂಡುತುಂಡು ಗೆರೆ ಎಳೆಯುತ್ತೇವೆ. ನೋಡುವವರ ಕಣ್ಣು ಆ ಗೆರೆಯ ಮೇಲೆ ನಡೆದು ಹಿಂದಿರುಗಬೇಕು. ಈ ಹದ ನನ್ನ ಕೈಗೆ ಹತ್ತಿದೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಚೆನ್ನಾಗಿ ದೋಸೆ ಹೊಯ್ಯುವವರು ಅದನ್ನು ಮುಚ್ಚಿಡುತ್ತಾರೆಯೇ?

ನನ್ನ ಮನೆ ಕೋಟದಲ್ಲಿ, ಹೆದ್ದಾರಿಯಿಂದ ಸ್ವಲ್ಪವೇ ಒಳಕ್ಕೆ. ಬ್ರಹ್ಮಾವರದ ಕಡೆಯ ಒಂದು ಸಣ್ಣ ಕಾರ್ಖಾನೆಗೆ ಮನೆಯಿಂದಲೇ ನಕ್ಷೆ ಮಾಡಿಕೊಡುತ್ತೇನೆ. ತೆಂಗಿನಕಾಯಿ ತುರಿಯುವ, ಹಿಟ್ಟು ರುಬ್ಬುವ, ಸಿಪ್ಪೆ ಸುಲಿಯುವ ಯಂತ್ರಗಳು ಅಲ್ಲಿ ತಯಾರಾಗುತ್ತವೆ. ನಾನು ಬಿಡಿಸಿದ ಚಿತ್ರ ಯಂತ್ರದ ಜೊತೆಗೆ ಪೆಟ್ಟಿಗೆಯೊಳಗೆ ಕುಳಿತು ಎಲ್ಲೆಲ್ಲಿಗೋ ಹೋಗುತ್ತದೆ. ಅದನ್ನು ಯಾರು ತೆರೆದರು, ಯಾವ ಅಡುಗೆಮನೆಯ ಯಾವ ಕೈಗೆ ಅದು ದಾರಿ ತೋರಿಸಿತು ಎಂಬುದು ನನ್ನವರೆಗೆ ಬರುವುದಿಲ್ಲ. ಅಡುಗೆ ಮಾಡಿ ಬಡಿಸಿ ಉಂಡವರ ಮುಖವನ್ನೇ ನೋಡದೆ ಏಳುವ ಕೆಲಸ ಇದು. ಹಾಗೆಯೇ ನಡೆದುಹೋಗುತ್ತಿತ್ತೋ ಏನೋ, ನನ್ನ ಮೇಜು ಜಗಲಿಯ ಕಿಟಕಿಯ ಪಕ್ಕದಲ್ಲಿ ಇಲ್ಲದೆ ಹೋಗಿದ್ದರೆ.

ಆ ಕಿಟಕಿಗೆ ಒಂದು ದಿನ ಗುಲಾಬಕ್ಕನ ಮುಖ ಬಂತು. ಗುಲಾಬಕ್ಕ ಗಂಗೊಳ್ಳಿಯವಳು. ಬಂದರಿನಲ್ಲಿ ಬೆಳಿಗ್ಗೆ ಮೀನು ಕೊಂಡು, ಐಸು ತುಂಬಿದ ಪೆಟ್ಟಿಗೆಯೊಂದಿಗೆ ಬಸ್ಸು ಹತ್ತಿ ನಮ್ಮ ಕಡೆಗೆ ಬರುತ್ತಾಳೆ. ನಮ್ಮ ಓಣಿಯ ಬೆಕ್ಕುಗಳಿಗೆ ಅವಳ ಬಸ್ಸಿನ ಹೊತ್ತು ಕಂಡಕ್ಟರಿಗಿಂತ ಚೆನ್ನಾಗಿ ಗೊತ್ತು.

"ಹ್ವಾಯ್ ಅಮಾ, ಬಂಗ್ಡಿ ಬೇಕಾ? ಈಗ ಬೋಟಿಂದ ಇಳ್ಸದ್ದ್, ಕಣ್ಣ್ ಕಾಣಿ ಹ್ಯಾಂಗ್ ಇತ್ತಂದೇಳಿ," ಎಂದವಳು ಸರಳಿನ ಸಂದಿಯಿಂದ ನನ್ನ ಪರದೆಯನ್ನು ನೋಡಿ ತಟ್ಟನೆ ನಿಂತಳು. "ಎಂತ ಅಮಾ ಇದ್? ಮಿಶಿನ್ ಒಡ್ದ್ ಹೋಯ್ತಾ?"

"ಒಡ್ದದ್ದಲ್ಲ ಗುಲಾಬಕ್ಕ, ಬಿಡ್ಸಿ ಇಟ್ಟದ್ದ್. ಈಗ ಕಾಣಿ," ಎಂದು ನಾನು ಒಂದು ಗುಂಡಿ ಒತ್ತಿದೆ. ಗಾಳಿಯಲ್ಲಿದ್ದ ತುಂಡುಗಳೆಲ್ಲ ಒಂದರ ಹಿಂದೊಂದು ಜಾರಿಕೊಂಡು ಬಂದು, ಒಳಹೊಕ್ಕು, ಕೊನೆಗೆ ಮುಚ್ಚಳ ಕೂತು ಪೂರ್ತಿ ಯಂತ್ರವಾಯಿತು.

"ಅಬ್ಯಾ! ಇನ್ನೊಂದ್ ಸಲ ಮಾಡಿ ಕಾಂಬ."

ಮಾಡಿದೆ. ಮತ್ತೊಮ್ಮೆ ಮಾಡಿದೆ. ಬಂಗುಡೆಯ ಮಾತು ಇಬ್ಬರಿಗೂ ಮರೆತುಹೋಗಿತ್ತು. ಮೂರನೆಯ ಸಲ ಯಂತ್ರ ಕೂಡಿಕೊಂಡಾಗ ಗುಲಾಬಕ್ಕ ನಗುತ್ತಿರಲಿಲ್ಲ. ತಲೆಯ ಮೇಲಿನ ಸಿಂಬಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, "ಅಮಾ, ನಮ್ಮ ಐಸಿನ ಮಿಶಿನ್ ಹೀಂಗೆ ಬಿಡ್ಸಿ ಕೊಡುಕ್ ಆತ್ತಾ?" ಎಂದು ಕೇಳಿದಳು.

ಅವರ ಯಂತ್ರದ ಕತೆಯನ್ನು ಅವಳು ಜಗಲಿಯ ಮೆಟ್ಟಿಲ ಮೇಲೆ ಕೂತು ಹೇಳಿದಳು. ಮೀನು ಮಾರುವ ಕೆಲವು ಹೆಂಗಸರು ಸೇರಿ ಬಂದರಿನ ಹಿಂದಿನ ಶೆಡ್ಡಿನಲ್ಲಿ ಒಂದು ಯಂತ್ರ ಇಟ್ಟುಕೊಂಡಿದ್ದಾರೆ. ಐಸು ಪ್ಲಾಂಟಿನಿಂದ ತಂದ ಗಡ್ಡೆಯನ್ನು ಅದರ ಬಾಯಿಗೆ ಹಾಕಿದರೆ ಕೆಳಗಿನಿಂದ ಪುಡಿಯಾಗಿ ಬೀಳುತ್ತದೆ. ಪೆಟ್ಟಿಗೆಗೆ ಆ ಪುಡಿ ತುಂಬಿದರೆ ಮಾತ್ರ ಮೀನು ಶಂಕರನಾರಾಯಣದಂಥ ಒಳನಾಡಿನ ಊರುಗಳವರೆಗೂ ಕಣ್ಣು ಮಿನುಗಿಸುತ್ತ ಹೋಗುತ್ತದೆ. ಯಂತ್ರವನ್ನು ನಡೆಸುತ್ತಿದ್ದವಳು ಅವರಲ್ಲೇ ಚುರುಕಾದ ಲೀಲಾ. ಹಿಂದಿನ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಯಂತ್ರ ತಿರುಗುತ್ತಿದ್ದಾಗ ಕರೆಂಟು ಹೋಯಿತು. ಗಡ್ಡೆಯ ಜೊತೆ ಒಂದು ಗೋಣಿಯ ಚೂರು ಬಾಯಿಯೊಳಗೆ ಸಿಕ್ಕಿಕೊಂಡಿತ್ತು. ಹೇಗೂ ಯಂತ್ರ ನಿಂತಿದೆಯಲ್ಲ, ಕರೆಂಟು ಬರುವುದರೊಳಗೆ ತೆಗೆದುಬಿಡೋಣ ಎಂದು ಲೀಲಾ ಕೈಹಾಕಿದಳು. ಅದೇ ಹೊತ್ತಿಗೆ ಕರೆಂಟು ಬಂತು. ಎಡಗೈಯ ಎರಡು ಬೆರಳು ಹೋದವು.

"ಅದ್ರ ಮೇಲೆ ಯಾರೂ ಅದ್ರ ಹತ್ರ ಹೋತಿಲ್ಲೆ ಅಮಾ," ಎಂದಳು ಗುಲಾಬಕ್ಕ. "ದೂರದಿಂದ ಸ್ವಿಚ್ ಹಾಕೂದ್, ಗಡ್ಡೆ ಬಿಸಾಡೂದ್, ಓಡೂದ್. ಸಿಕ್ಕಾಕಂಡ್ರೆ ಫಿಟ್ಟರ್ ಮಂಜ ಬಪ್ಪ ವರೆಗೆ ಕಾಯ್ಕ್. ಅವ ಬಪ್ದ್ರೊಳ್ಗೆ ಐಸ್ ನೀರಾತ್ತ್, ಮೀನ್ ಮೆತ್ತಗಾತ್ತ್. ಲೀಲ ಅಂತೂ ಶೆಡ್ಡಿನ ಒಳ್ಗೇ ಕಾಲ್ ಹಾಕೂದಿಲ್ಲೆ."

ಬಂದು ನೋಡುತ್ತೇನೆ ಎಂದು ಹೇಳಿದೆ. ಹೇಳುವಾಗ ನನಗೆ ಅನುಮಾನವೇನೂ ಇರಲಿಲ್ಲ. ಒಂದು ಐಸಿನ ಯಂತ್ರದಲ್ಲಿ ಬಿಡಿಸಲಾರದಷ್ಟು ಕಷ್ಟದ್ದೇನಿದೆ?

ಮಳೆಗಾಲ ಹಿಡಿಯಿತು. ಬೋಟುಗಳಿಗೆ ಕಡಲಿಗಿಳಿಯಲು ನಿಷೇಧವಿರುವ ದಿನಗಳಲ್ಲಿ ಗಂಗೊಳ್ಳಿಯ ಬಂದರು, ಹಬ್ಬ ಮುಗಿದ ಮನೆಯ ಹಾಗೆ, ಬಲೆ ಹೆಣೆಯುವವರ ಮೆಲುಮಾತನ್ನು ಬಿಟ್ಟರೆ ನಿಶ್ಶಬ್ದ. ಒಂದು ಜಡಿಮಳೆಯ ದಿನ ಕೊಡೆ, ಅಳತೆಯ ಸಾಮಾನು ಹಿಡಿದುಕೊಂಡು ನಾನು ಆ ಶೆಡ್ಡಿಗೆ ಹೋದೆ. ಗುಲಾಬಕ್ಕ ಹೇಳಿಕಳಿಸಿದ್ದರಿಂದ ಫಿಟ್ಟರ್ ಮಂಜಣ್ಣ ಬೈಂದೂರಿನಿಂದ ಬಂದಿದ್ದ. ಸುತ್ತಲಿನ ಬಂದರುಗಳ ಯಂತ್ರಗಳಿಗೆಲ್ಲ ಅವನೊಬ್ಬನೇ ಆದ್ದರಿಂದ, ಇವರೇ ಕಲಿತರೆ ತನಗೂ ಉಸಿರಾಡಲು ಸಮಯ ಸಿಗುತ್ತದೆ ಎಂದು ಖುಷಿಯಾಗಿಯೇ ಇದ್ದ. ಅವನು ಒಂದೊಂದೇ ಭಾಗ ಬಿಚ್ಚಿಕೊಟ್ಟ. ನಾನು ಅಳೆದು ಬರೆದುಕೊಂಡೆ. ತುಕ್ಕು, ಗ್ರೀಸು, ಹಳೆಯ ಮೀನಿನ ವಾಸನೆ ಎಲ್ಲ ಸೇರಿ ನನ್ನ ಬೆರಳುಗಳಿಗೆ ಅಂಟಿದವು.

ನಡುವೆ ತಲೆ ಎತ್ತಿದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತರ ಆಚೀಚೆಯ, ನೆಟ್ಟನೆಯ ಮೈಕಟ್ಟಿನ ಹೆಂಗಸು. ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಇವಳೇ ಲೀಲಾ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ಮಂಜಣ್ಣ ಮೇಲಿನ ಬಾಯಿಯನ್ನು ಎತ್ತಿ ಕೆಳಗಿಟ್ಟ. ಕಬ್ಬಿಣ ಸಿಮೆಂಟಿಗೆ ತಾಗಿದ ಸದ್ದಿಗೆ ಅವಳು ಬೆಚ್ಚಿದಳು. ಒಳಗೆ ಏನಿದೆ ಎಂದು ನೋಡಲೂ ಇಲ್ಲ. ತಿರುಗಿ ಮಳೆಯಲ್ಲೇ ಹೊರಟುಹೋದಳು.

ಕಾರ್ಖಾನೆಯ ಕೆಲಸ ಮುಗಿದ ಸಂಜೆಗಳಲ್ಲಿ ಆ ಯಂತ್ರವನ್ನು ಕಟ್ಟಿದೆ. ನಮ್ಮ ಕಾರ್ಖಾನೆಯ ಯಂತ್ರಗಳನ್ನು ಕಟ್ಟುವಾಗ ನಾನು ಕಬ್ಬಿಣವನ್ನಷ್ಟೇ ನೆನೆಯುತ್ತೇನೆ. ಈ ಸಲ ಪ್ರತಿ ಭಾಗವನ್ನು ಎಳೆಯುವಾಗಲೂ ಬಾಗಿಲಲ್ಲಿ ನಿಂತ ಆ ಹೆಂಗಸು ಕಣ್ಣ ಮುಂದೆ ಬರುತ್ತಿದ್ದಳು. ಭಯ ಎಂಬುದೂ ಜೋಡಿಸಿಟ್ಟ ಯಂತ್ರದಂಥದ್ದೇ ಎಂದು ನನಗೆ ಆಗ ಅನಿಸಿತು. ಹೊರಗಿನಿಂದ ಕಾಣುವುದು ಒಂದು ಕತ್ತಲೆಯ ಬಾಯಿ, ಒಂದು ಸದ್ದು. ಒಳಗೆ ಏನು ಏನನ್ನು ತಿರುಗಿಸುತ್ತದೆ ಎಂದು ಕಾಣದಿರುವವರೆಗೆ ಮನಸ್ಸು ಆ ಕತ್ತಲೆಗೆ ತನಗೆ ಬೇಕಾದಷ್ಟು ಹಲ್ಲುಗಳನ್ನು ಇಟ್ಟುಕೊಳ್ಳುತ್ತದೆ. ಚಿಕ್ಕಂದಿನಲ್ಲಿ ನಮಗೆ ಮನೆಯ ಹಿಂದಿನ ಬಾವಿಯ ತಳದ ಬಗ್ಗೆ ಇದ್ದ ಹೆದರಿಕೆ, ಬೇಸಿಗೆಯಲ್ಲಿ ಬಾವಿ ತೋಡುವವರು ಕೆಸರೆತ್ತಿ ಅಲ್ಲಿನ ಕಲ್ಲನ್ನು ತೋರಿಸಿದ ದಿನವೇ ಇಳಿದುಹೋಗಿತ್ತು.

ಚಿತ್ರ ಒಂದು ಹದಕ್ಕೆ ಬಂದ ಮೇಲೆ ಲ್ಯಾಪ್‌ಟಾಪ್ ಹೊತ್ತುಕೊಂಡು ಗುಲಾಬಕ್ಕನ ಮನೆಗೆ ಹೋದೆ. ಹೆಂಗಸರೆಲ್ಲ ಚಾವಡಿಯಲ್ಲಿ ಕೂತಿದ್ದರು. ಲೀಲಾ ಕೊನೆಗೆ ಬಂದು ಗೋಡೆಗೊರಗಿ ಕೂತಳು. ನಾನು ಯಂತ್ರವನ್ನು ತೆರೆದು ತೋರಿಸಿದೆ, ಮುಚ್ಚಿ ತೋರಿಸಿದೆ. ಗುಲಾಬಕ್ಕ ಅದನ್ನು ಮೊದಲೇ ನೋಡಿದವಳ ಠೀವಿಯಲ್ಲಿ ಉಳಿದವರಿಗೆ ವಿವರಿಸತೊಡಗಿದಳು. ನಗು, ಕೇಕೆ, ಚಹಾ. ಆ ಗಲಾಟೆಯ ನಡುವೆ ಲೀಲಾಳ ದನಿ ಕೇಳಿತು.

"ಅಕ್ಕಾ, ನನ್ನ ಬೆರಳ್ ತೆಗ್ದದ್ದ್ ಯಾವ್ದ್?"

ಯಾರೋ ಚಹಾದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ಗುಲಾಬಕ್ಕ, "ಈಗ ಎಂತಕೆ ಹೆಣೆ ಲೀಲ, ಅದೆಲ್ಲ," ಎಂದು ಮಾತು ತಿರುಗಿಸಲು ನೋಡಿದಳು. ನನ್ನ ಸಾಫ್ಟ್‌ವೇರಿನಲ್ಲಿ ಬೇಡದ ಭಾಗವನ್ನು ಕಾಣದಂತೆ ಅಡಗಿಸುವ ಗುಂಡಿಯೂ ಇದೆ. ಆ ಕ್ಷಣ ನನ್ನ ಬೆರಳು ಅದರ ಕಡೆಗೆ ಹೋದದ್ದು ನಿಜ. ಆದರೆ ಕೇಳಿದವಳ ಮುಖ ನೋಡಿದೆ. ಅಳುವ ಮುಖವಾಗಿರಲಿಲ್ಲ ಅದು; ಬಹಳ ದಿನದಿಂದ ಕೇಳಬೇಕೆಂದಿದ್ದವಳ ಮುಖ.

"ಹತ್ರ ಬನಿ ಲೀಲಾ, ತೋರ್ಸ್ತೆ," ಎಂದೆ.

ಅವಳು ಬಂದು ನನ್ನ ಪಕ್ಕ ಕೂತಳು. ನಾನು ಬೆಲ್ಟಿನ ಮುಚ್ಚಳವನ್ನು ಪಕ್ಕಕ್ಕೆ ಎಳೆದೆ. ಬೆಲ್ಟು ಕಳಚಿದೆ. ಬಾಯಿಯನ್ನು ಮೇಲಕ್ಕೆ ತೇಲಿಸಿದೆ. ಎರಡೂ ಬದಿಯ ಬೇರಿಂಗುಗಳನ್ನು ಹೊರಕ್ಕೆ ಜಾರಿಸಿ, ಒಳಗಿದ್ದ ಮುಳ್ಳುಮುಳ್ಳಿನ ಉರುಳೆಯನ್ನು ಮೆಲ್ಲನೆ ಎತ್ತಿ, ಉಳಿದದ್ದನ್ನೆಲ್ಲ ಅಡಗಿಸಿಬಿಟ್ಟೆ. ಬಿಳಿಯ ಪರದೆಯ ನಡುವೆ ಅದೊಂದೇ ಉಳಿಯಿತು. "ಇದೇ," ಎಂದೆ. ಮೌಸನ್ನು ಅವಳ ಬಲಗೈಗೆ ಕೊಟ್ಟು ತಿರುಗಿಸುವುದು ಹೇಗೆಂದು ತೋರಿಸಿದೆ. ಅವಳು ತಿರುಗಿಸಿದಳು. ಮೇಲಿನಿಂದ, ಕೆಳಗಿನಿಂದ, ಬದಿಯಿಂದ, ಅಚ್ಚಿನ ತುದಿಯಿಂದ ನೋಡಿದಳು. ದೂರ ಮಾಡಿದಳು, ಹತ್ತಿರ ಮಾಡಿದಳು. ಹಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು.

"ಇಷ್ಟೇಯಾ?" ಎಂದಳು ಕೊನೆಗೆ.

"ಇಷ್ಟೇ."

"ಕನಸಂಗೆ ಬಪ್ದ್ ಬೇರೆ ಇತ್ತ್ ಅಕ್ಕಾ. ಅದ್ ಬಾಳ ದೊಡ್ಡದ್." ಮತ್ತೊಮ್ಮೆ ತಿರುಗಿಸಿದಳು. "ಇದ್ ಹಲ್ಸಿನ್‌ಕಾಯಿ ಹಾಂಗೇ ಇತ್ತಲ್ಲ!"

ಮೊದಲು ನಕ್ಕವಳು ಅವಳೇ. ಆಮೇಲೆ ಎಲ್ಲರೂ. ಚಿತ್ರದಲ್ಲಿ ಆ ಭಾಗದ ಹೆಸರು ಅಂದಿನಿಂದ ಹಲಸಿನಕಾಯಿ. ಎಳೆಯ ಹೆಂಗಸೊಬ್ಬಳು ಕೆಳಗಿನ ಜಾಲರಿಗೆ 'ಕಣ್ಣುತೂತಿನ ಹಲಗೆ' ಎಂದಳು; ಅದನ್ನೂ ಬರೆದುಕೊಂಡೆ. ಕಾರ್ಖಾನೆಯವರು ಇಟ್ಟ ಹೆಸರು ಕಾರ್ಖಾನೆಯಲ್ಲಿರಲಿ, ಕೈಹಾಕುವವರಿಗೆ ಒದಗುವ ಹೆಸರು ಅವರದ್ದೇ ಆಗಿರಬೇಕು.

ಲೀಲಾ ಮಾತ್ರ ಪರದೆಯನ್ನು ಬಿಡಲಿಲ್ಲ. ಎಲ್ಲ ಭಾಗಗಳನ್ನೂ ಮತ್ತೆ ತೋರಿಸಲು ಹೇಳಿ, ವೃತ್ತದೊಳಗಿನ ಅಂಕಿಗಳ ಮೇಲೆ ಬೆರಳಾಡಿಸುತ್ತ ಬಂದಳು. "ಇದ್ರಲ್ಲ್ ಪ್ಲಗ್ ಎಲ್ಲಿತ್ತ್?"

ಈ ಚಿತ್ರದಲ್ಲಿ ಬಿಚ್ಚುವ ಕಬ್ಬಿಣದ ಭಾಗಗಳು ಮಾತ್ರ ಬರುತ್ತವೆ, ವಯರು, ಪ್ಲಗ್ಗು ಎಲ್ಲ ಇದರ ಹೊರಗಿನವು, ಅವುಗಳಿಗೆ ಬೇರೆ ನಕ್ಷೆ ಇರುತ್ತದೆ ಎಂದು ನಾನು ವಿವರಿಸಿದೆ. ಅದು ನಮ್ಮ ಕಸುಬಿನ ರೂಢಿ, ಮತ್ತು ಅದರ ಮಟ್ಟಿಗೆ ಸರಿಯಾದ ರೂಢಿಯೇ.

"ಆವತ್ತ್ ಅದ್ ಒಳ್ಗೇ ಇದ್ದಿತ್ತ್ ಅಕ್ಕಾ," ಎಂದಳು ಅವಳು, ಗೋಡೆಯ ಪ್ಲಗ್ಗಿನ ತೂತನ್ನು ತೋರಿಸುತ್ತ.

ಯಂತ್ರವೆಂದರೆ ಎಲ್ಲಿಂದ ಎಲ್ಲಿಯವರೆಗೆ? ನನ್ನ ಪರದೆಯ ಮೇಲೆ ಅದು ಒಂದು ಚೌಕಟ್ಟಿನಿಂದ ಶುರುವಾಗಿ ಕೊನೆಯ ಬೋಲ್ಟಿಗೆ ಮುಗಿಯುತ್ತದೆ. ಅವಳ ಪಾಲಿಗೆ ಅದು ಗೋಡೆಯಿಂದ, ಗೋಡೆಯ ಹಿಂದಿನ ತಂತಿಯಿಂದ, ಎಲ್ಲೋ ದೂರದಲ್ಲಿ ಯಾರೋ ಹಾಕುವ ತೆಗೆಯುವ ಕರೆಂಟಿನಿಂದ ಶುರುವಾಗಿತ್ತು. ಬಿಚ್ಚುವುದಾದರೆ ಅಲ್ಲಿಂದಲೇ ಬಿಚ್ಚಬೇಕು. ಚಾವಡಿಯಲ್ಲಿ ಕೂತಲ್ಲೇ ಒಂದು ಪ್ಲಗ್ಗನ್ನು ಕಟ್ಟಿ, ಗೋಡೆಯಿಂದ ಹೊರಕ್ಕೆ ಎಳೆದು, ತುಂಡುಗೆರೆ ಹಾಕಿ, ಅದಕ್ಕೆ ಒಂದನೇ ಅಂಕಿ ಕೊಟ್ಟೆ. ಉಳಿದವೆಲ್ಲ ಒಂದೊಂದು ಮನೆ ಹಿಂದೆ ಸರಿದವು. ಈಚೆಗೆ ನಾನು ಕಾರ್ಖಾನೆಗೆ ಮಾಡುವ ಚಿತ್ರಗಳಲ್ಲೂ ಹಾಗೆಯೇ ಮಾಡುತ್ತಿದ್ದೇನೆ. ಯಾರೂ ಬೇಡವೆಂದಿಲ್ಲ.

ಬಂದರಿನ ತೇವಕ್ಕೆ ಕಾಗದ ಬಾಳುವುದಿಲ್ಲವಾದ್ದರಿಂದ ಕುಂದಾಪುರದಲ್ಲಿ ಮದುವೆ, ಗೃಹಪ್ರವೇಶಗಳ ಫ್ಲೆಕ್ಸ್ ಮುದ್ರಿಸುವ ಅಂಗಡಿಗೆ ಹೋದೆ. ಅಂಗಡಿಯವನು ಚಿತ್ರವನ್ನು ಅತ್ತಿತ್ತ ತಿರುಗಿಸಿ ನೋಡಿ, "ಫೋಟೋ ಎಲ್ಲಿ ಹಾಕೂದ್? ಶುಭ ಕೋರೂರ್ ಯಾರ್?" ಎಂದು ಕೇಳಿದ. ಶುಭ ಕೋರುವವಳು ನಾನೇ, ಫೋಟೋ ಬೇಡ ಎಂದೆ. ಶೆಡ್ಡಿನ ಗೋಡೆಯಲ್ಲಿ ಆಳೆತ್ತರದ ಯಂತ್ರ ತೂಗಿತು.

ಸೀಸನ್ ಶುರುವಾಗಿ ಬೋಟುಗಳು ಇಳಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಗಂಗೊಳ್ಳಿಗೆ ಹೋದೆ. ಬಂದರೇ ಗುರುತು ಸಿಗದಷ್ಟು ಬದಲಾಗಿತ್ತು. ಹರಾಜಿನ ಕೂಗು, ಬುಟ್ಟಿಗಳ ಎಳೆದಾಟ, ಟೆಂಪೋಗಳ ಹಾರ್ನು, ತಲೆಯ ಮೇಲೆ ಹದ್ದುಗಳು. ಬಂಗುಡೆ ಧಾರಾಳವಾಗಿ ಬಂದ ದಿನ ಅದು. ಶೆಡ್ಡಿನ ಮುಂದೆ ಪೆಟ್ಟಿಗೆಗಳ ಸಾಲು. ಗುಲಾಬಕ್ಕ ದೂರದಿಂದ ಗಡ್ಡೆ ಎಸೆದು ಹಿಂದೆ ಸರಿಯುತ್ತಿದ್ದಳು. ಲೀಲಾ ಹೊರಗೆ, ಪೆಟ್ಟಿಗೆಗಳ ಹತ್ತಿರ. ಅವಳು ಇನ್ನೂ ಒಳಗೆ ಬಂದಿಲ್ಲ, ಬಾಗಿಲಿನಿಂದಲೇ ಫ್ಲೆಕ್ಸನ್ನು ನೋಡುತ್ತಿರುತ್ತಾಳೆ ಎಂದು ಗುಲಾಬಕ್ಕ ಕಿವಿಯಲ್ಲಿ ಹೇಳಿದಳು.

ನಾನು ಹೋಗಿ ಸ್ವಲ್ಪ ಹೊತ್ತಾಗಿರಬೇಕು. ಯಂತ್ರ ಒಮ್ಮೆ ಕೆಮ್ಮಿತು, ನರಳಿತು, ನಿಂತಿತು. ಗುಲಾಬಕ್ಕ ಸ್ವಿಚ್ಚು ಆರಿಸಿದಳು. ಮಂಜಣ್ಣನಿಗೆ ಫೋನು ಹೋಯಿತು. ಅವನು ಬೇರೊಂದು ಬಂದರಿನಲ್ಲಿ ಯಾವುದೋ ಎಂಜಿನ್ನಿನ ಹೊಟ್ಟೆಯೊಳಗಿದ್ದ, ಮಧ್ಯಾಹ್ನದ ಮೊದಲು ಆಗುವುದಿಲ್ಲವೆಂದ. ಬಿಸಿಲು ಏರುತ್ತಿತ್ತು. ಗಡ್ಡೆಗಳ ಬುಡದಿಂದ ನೀರು ಹರಿದು ಚರಂಡಿ ಸೇರುತ್ತಿತ್ತು. ಒಬ್ಬರು ಮತ್ತೊಬ್ಬರ ಮುಖ ನೋಡಿದರು. ನಾನೇ ಕೈಹಾಕಲೆಂದು ಏಳುವಷ್ಟರಲ್ಲಿ ಗುಲಾಬಕ್ಕ ನನ್ನ ಭುಜ ಒತ್ತಿ, "ನೀವ್ ಕೂಕಣಿ ಅಮಾ. ಇವತ್ತ್ ಮಾಡಿಕೊಟ್ರೆ ನಾಳೆ ಯಾರ್ ಮಾಡೂದ್?" ಎಂದಳು. ಆದರೆ ಅವಳೂ ಮುಂದೆ ಹೋಗಲಿಲ್ಲ.

ಆಗ ಲೀಲಾ ಒಳಗೆ ಬಂದಳು. ಯಾರ ಕಡೆಗೂ ನೋಡದೆ ನೇರ ಗೋಡೆಯ ಹತ್ತಿರ ಹೋಗಿ ಪ್ಲಗ್ಗನ್ನು ಕಿತ್ತಳು. ಕಿತ್ತು ಕೆಳಗೆ ಬಿಡಲಿಲ್ಲ. ವಯರು ನೇತಾಡುತ್ತಿದ್ದಂತೆಯೇ ಸೆರಗಿನ ತುದಿಯಲ್ಲಿ ಇಟ್ಟು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೆರಗು ಬಿಚ್ಚಿದ್ದರಿಂದ ಎಡಗೈ ಹೊರಗೆ ಬಂತು. "ಗುಲಾಬಕ್ಕ, ಎರಡ್ ಅಂದ್ರೆ ಯಾವ್ದ್, ಓದಿ," ಎಂದಳು.

"ಬೆಲ್ಟಿನ ಮುಚ್ಚಳ," ಎಂದು ಗುಲಾಬಕ್ಕ ಗೋಡೆಯ ಮುಂದೆ ನಿಂತು ಕೂಗಿದಳು. ಲೀಲಾ ಸ್ಪಾನರ್ ಹಿಡಿದಳು. ಮೊದಲ ಬೋಲ್ಟು ಜಾರಿ ಕೈಗೆ ತಾಗಿತು. ಅವಳು ಕೈ ಕೊಡವಿ ಮತ್ತೆ ಹಿಡಿದಳು. ಎಡಗೈಯಲ್ಲಿ ಉಳಿದ ಬೆರಳುಗಳಿಂದ ನಟ್ಟನ್ನು ಅಲುಗದಂತೆ ಹಿಡಿದು ಬಲಗೈಯಿಂದ ತಿರುಗಿಸುವ ಹಂಚಿಕೆ ಅವಳಿಗೆ ಬೇಗನೆ ಸಿಕ್ಕಿತು. ಬಿಚ್ಚಿದ್ದನ್ನೆಲ್ಲ ಉಳಿದವರು ಒಂದು ನೀಲಿ ಟಾರ್ಪಾಲಿನ ಮೇಲೆ ಇಡುತ್ತ ಹೋದರು, ಗೋಡೆಯ ಚಿತ್ರದಲ್ಲಿ ಇರುವ ಹಾಗೆಯೇ: ಮುಚ್ಚಳ ಆ ಬದಿಗೆ, ಬೆಲ್ಟು ಅದರ ಈಚೆಗೆ, ಬೋಲ್ಟುಗಳು ತಮ್ಮ ತಮ್ಮ ತೂತಿನ ನೇರಕ್ಕೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಎಷ್ಟೋ ಯಂತ್ರಗಳನ್ನು ಬೆಳಕಿನ ಪರದೆಯ ಮೇಲೆ ಬಿಡಿಸಿದವಳು, ಒಂದನ್ನೂ ಹೀಗೆ ನೆಲದ ಮೇಲೆ, ನೀರು ತೊಟ್ಟಿಕ್ಕುತ್ತ, ಮೀನಿನ ಪರೆ ಅಂಟಿಸಿಕೊಂಡು ಬಿಡಿಸಿಟ್ಟದ್ದನ್ನು ಕಂಡಿರಲಿಲ್ಲ. ಹೊಟ್ಟೆ ತುಂಬಿದ ಹಾಗಾಯಿತು.

ನಾಲ್ವರು ಸೇರಿ ಬಾಯಿಯನ್ನು ಎತ್ತಿ ಇಳಿಸಿದರು. ಹಲಸಿನಕಾಯಿ ಬೆಳಕಿಗೆ ಬಂತು. ಅದರ ಮುಳ್ಳುಗಳ ಸುತ್ತ ಗೋಣಿಯ ನಾರು ಬಿಗಿಯಾಗಿ ಸುತ್ತಿಕೊಂಡಿತ್ತು. ಲೀಲಾ ನಿಂತುಬಿಟ್ಟಳು. ಪರದೆಯ ಮೇಲೆ ಬಿಳಿಯಾಗಿ, ತೊಳೆದಿಟ್ಟಂತೆ ಇದ್ದದ್ದು ಇಲ್ಲಿ ಕಪ್ಪಾಗಿತ್ತು, ಒದ್ದೆಯಾಗಿತ್ತು, ಮುಳ್ಳುಗಳು ಸವೆದು ಹೊಳೆಯುತ್ತಿದ್ದವು. ಅವಳ ಕೈ ಸೊಂಟಕ್ಕೆ ಹೋಗಿ ಗಂಟನ್ನು ಮುಟ್ಟಿ ನೋಡಿತು. ಪ್ಲಗ್ಗು ಅಲ್ಲೇ ಇತ್ತು. ಗುಲಾಬಕ್ಕ ಮುಂದೆ ಬಂದು, "ಬಿಡ್ ಹೆಣೆ, ನಾನ್ ತೆಗಿತೆ," ಎಂದಳು.

"ಬ್ಯಾಡ," ಎಂದಳು ಲೀಲಾ. ಮೀನು ಹೆಚ್ಚುವ ಕತ್ತಿ ತೆಗೆದುಕೊಂಡು ಬಾಗಿದಳು. ನಾರನ್ನು ಕೊಯ್ದು, ಎಳೆದು, ಒಂದೊಂದು ಮುಳ್ಳಿನಿಂದಲೂ ಬಿಡಿಸಿದಳು. ಒದ್ದೆ ನಾರಿನ ಉಂಡೆಗಳು ನೆಲದ ಮೇಲೆ ಬಿದ್ದವು. ಕೊನೆಯ ಎಳೆ ಬಂದ ಮೇಲೆ ಕತ್ತಿಯನ್ನು ಪಕ್ಕಕ್ಕಿಟ್ಟು, ಅಂಗೈಯನ್ನು ಉರುಳೆಯ ಅಚ್ಚಿನ ಮೇಲಿಟ್ಟು ನೂಕಿದಳು. ಅದು ಸದ್ದಿಲ್ಲದೆ ಒಂದು ಸುತ್ತು ತಿರುಗಿ ನಿಂತಿತು.

"ತಿರ್ಗತ್ತ್," ಎಂದಳು. ಅಷ್ಟೇ.

ಮುಚ್ಚುವಾಗ ಗುಲಾಬಕ್ಕ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಓದಿದಳು. ಟಾರ್ಪಾಲು ಖಾಲಿಯಾಗುತ್ತ ಬಂತು. ಒಂದು ಬೋಲ್ಟು ಸುಲಭಕ್ಕೆ ಕೂರದೆ ಸತಾಯಿಸಿತು. ಯಾರೋ ಅದಕ್ಕೆ ಒಂದು ಬೈಗುಳ ಕೊಟ್ಟ ಮೇಲೆ ಕೂತಿತು. ಟಾರ್ಪಾಲಿನ ಮೇಲೆ ಏನೂ ಉಳಿದಿಲ್ಲವೆಂದು ಲೀಲಾ ತಾನೇ ಬಾಗಿ ನೋಡಿ, ಎಲ್ಲರನ್ನೂ ಯಂತ್ರದಿಂದ ದೂರ ನಿಲ್ಲಿಸಿ, ಸೆರಗಿನ ಗಂಟು ಬಿಚ್ಚಿದಳು. ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿದಳು. ಸ್ವಿಚ್ಚಿನ ಮೇಲೆ ಬೆರಳಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದಳೇನೋ, ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಯಂತ್ರ ಗುರ್ರೆಂದಿತು. ಗಡ್ಡೆ ಬಾಯೊಳಗೆ ಬಿತ್ತು. ಕೆಳಗಿನ ಹಲಗೆಯಿಂದ ಬಿಳಿಯ ಪುಡಿ ಸುರಿಯತೊಡಗಿತು. ಲೀಲಾ ಬಂದು ಆ ರಾಶಿಗೆ ಎಡಗೈ ಹಾಕಿ ಒಂದು ಹಿಡಿ ಐಸನ್ನು ಎತ್ತಿ ಮೊದಲ ಪೆಟ್ಟಿಗೆಯ ಬಂಗುಡೆಗಳ ಮೇಲೆ ಎರಚಿದಳು. ನಾವೆಲ್ಲ ಅವಳನ್ನೇ ನೋಡುತ್ತ ನಿಂತಿದ್ದೆವು. ಅವಳು ತಲೆ ಎತ್ತಿ ನಮ್ಮ ಮೇಲೆ ರೇಗಿದಳು.

"ಎಂತ ಕಾಂತ್ರಿ ಹಾಂಗೆ? ಬಸ್ ಬಪ್ಪ ಹೊತ್ತಾಯ್ತ್, ಪೆಟ್ಟಿ ತನಿ!"